ಪದವಿ ಶಿಕ್ಷಣದ ಪ್ರಥಮ ವರ್ಷ: ವಿದ್ಯಾರ್ಥಿಗಳು ಮತ್ತು ಪೋಷಕರು ತಿಳಿದಿರಬೇಕಾದ ವಿಷಯಗಳು

ದ್ವಿತೀಯ ಪಿಯುಸಿ ಮುಗಿಸಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹಾಗೂ ಅನುದಾನಿತ ಕಾಲೇಜುಗಳಲ್ಲಿ ಪದವಿ ತರಗತಿಗೆ ಪ್ರವೇಶ ಬಯಸುವ ವಿದ್ಯಾರ್ಥಿಗಳ ಮತ್ತು ಅವರ ಪೋಷಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಪ್ರವೇಶದ ಅರ್ಜಿ, ಶುಲ್ಕ ಮತ್ತು ಕೊನೆಯ ದಿನಾಂಕಗಳ ವಿವರಗಳು ಪ್ರತಿ ವರ್ಷದ ಅಧಿಸೂಚನೆಯಲ್ಲಿ ಪ್ರಕಟವಾಗುತ್ತವೆ. ಪ್ರವೇಶ ದೊರೆತ ಮೇಲೆ ಮೊದಲ ಹನ್ನೆರಡು ತಿಂಗಳಲ್ಲಿ ಏನೇನು ಎದುರಾಗುವುದು ಎಂಬುದು ಅಧಿಸೂಚನೆಯಲ್ಲಿ ಇರುವುದಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವ ವಿದ್ಯಾರ್ಥಿಗೆ ಅದನ್ನು ಹೇಳಿಕೊಡುವ ಹಿರಿಯರೂ ಇರುವುದಿಲ್ಲ. ಆ ಕೊರತೆಯನ್ನು ತುಂಬುವುದು ಈ ಲೇಖನದ ಉದ್ದೇಶ.

ಪಿಯುಸಿಗೂ ಪದವಿಗೂ ಇರುವ ವ್ಯತ್ಯಾಸ

ನಮ್ಮ ರಾಜ್ಯದಲ್ಲಿ ಪದವಿ ಪೂರ್ವ ತರಗತಿಗಳನ್ನೂ ‘ಕಾಲೇಜು’ ಎಂದೇ ಕರೆಯುವುದು ರೂಢಿ. ಆದ್ದರಿಂದ ಪದವಿಗೆ ಸೇರುವವರು ತಾವು ಈಗಾಗಲೇ ಎರಡು ವರ್ಷ ಕಾಲೇಜು ಕಂಡವರೆಂದು ಭಾವಿಸುವುದು ಸಹಜ. ವಾಸ್ತವವಾಗಿ ಇವೆರಡರ ವ್ಯವಸ್ಥೆಯೇ ಬೇರೆ. ದ್ವಿತೀಯ ಪಿಯುಸಿಯಲ್ಲಿ ಒಂದು ವಿಷಯಕ್ಕೆ ರಾಜ್ಯಕ್ಕೆಲ್ಲ ಒಂದೇ ಪಠ್ಯಕ್ರಮ, ಒಂದೇ ಪ್ರಶ್ನೆಪತ್ರಿಕೆ, ವರ್ಷದ ಕೊನೆಗೆ ಮಂಡಳಿಯ ಪರೀಕ್ಷೆ. ಪದವಿ ಕಾಲೇಜಾದರೋ ಯಾವುದಾದರೊಂದು ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿರುತ್ತದೆ. ಪಾಠ ನಡೆಯುವುದು ಕಾಲೇಜಿನಲ್ಲಿ. ಪಠ್ಯಕ್ರಮ ರೂಪಿಸುವುದು, ಪರೀಕ್ಷೆ ನಡೆಸುವುದು, ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರ ನೀಡುವುದು ವಿಶ್ವವಿದ್ಯಾಲಯದ ಕೆಲಸ. ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯ ಪಠ್ಯಕ್ಕೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಪಠ್ಯಕ್ಕೂ ವ್ಯತ್ಯಾಸವಿರುತ್ತದೆ. ಬೇರೆ ಜಿಲ್ಲೆಯ ಸ್ನೇಹಿತರ ಪುಸ್ತಕ ಅಥವಾ ಪ್ರಶ್ನೆಪತ್ರಿಕೆ ತಂದು ಓದುವ ಮುನ್ನ ಇದನ್ನು ಗಮನಿಸಬೇಕು.

ವರ್ಷಕ್ಕೊಂದು ಪರೀಕ್ಷೆಯ ಬದಲು ಇಲ್ಲಿ ಸೆಮಿಸ್ಟರ್ ಪದ್ಧತಿ ಇದೆ. ಒಂದು ಸೆಮಿಸ್ಟರ್‌ನ ಬೋಧನೆ ಸುಮಾರು ಹದಿನಾರು ವಾರಗಳ ಕಾಲ ನಡೆಯುತ್ತದೆ. ಪ್ರವೇಶ ಪ್ರಕ್ರಿಯೆ, ಹಬ್ಬದ ರಜೆಗಳು ಮತ್ತು ಕಿರುಪರೀಕ್ಷೆಗಳನ್ನು ಕಳೆದರೆ ಉಳಿಯುವ ಕಾಲ ಅಲ್ಪ. ‘ದಸರಾ ಕಳೆಯಲಿ, ಆಮೇಲೆ ಓದೋಣ’ ಎಂಬ ಪಿಯುಸಿಯ ಲೆಕ್ಕಾಚಾರ ಪದವಿಯಲ್ಲಿ ನಡೆಯುವುದಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಅನುತ್ತೀರ್ಣರಾಗುವವರಲ್ಲಿ ಅನೇಕರು ಬುದ್ಧಿಶಕ್ತಿಯಲ್ಲಿ ಹಿಂದುಳಿದವರಲ್ಲ, ಕಾಲದ ಅಂದಾಜು ತಪ್ಪಿದವರು.

ಮನೆಯಲ್ಲಿ ಅಣ್ಣನೋ ಅಕ್ಕನೋ ಪದವಿ ಓದಿದ್ದರೂ ಅವರ ಅನುಭವ ಪೂರ್ಣವಾಗಿ ಹೊಂದದಿರಬಹುದು. 2021-22ರಿಂದ 2023-24ರವರೆಗೆ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮದಂತೆ, ನಾಲ್ಕನೆಯ ವರ್ಷದ ಅವಕಾಶದೊಂದಿಗೆ ಓದಿದವರು. 2024-25ನೇ ಸಾಲಿನಿಂದ ಸೇರಿದವರಿಗೆ ರಾಜ್ಯವು ಮತ್ತೆ ಮೂರು ವರ್ಷಗಳ, ಅಂದರೆ ಆರು ಸೆಮಿಸ್ಟರ್‌ಗಳ ಪದವಿಯನ್ನು ಜಾರಿಗೆ ತಂದಿದೆ. ಹಳೆಯ ಪಠ್ಯಪುಸ್ತಕಗಳನ್ನು ಕೊಳ್ಳುವ ಮುನ್ನ ಅವು ಯಾವ ಸಾಲಿನ ಪಠ್ಯಕ್ರಮದವು ಎಂಬುದನ್ನು ವಿಭಾಗದ ಅಧ್ಯಾಪಕರಲ್ಲಿ ಕೇಳಿ ತಿಳಿಯುವುದು ಒಳ್ಳೆಯದು.

ಪ್ರವೇಶದ ದಿನಗಳು ಮತ್ತು ದಾಖಲೆಗಳು

ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪ್ರಮಾಣಪತ್ರ, ಆಧಾರ್, ಭಾವಚಿತ್ರ, ಮೀಸಲಾತಿ ಅಥವಾ ಶುಲ್ಕ ವಿನಾಯಿತಿ ಕೋರುವವರಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ: ಇವು ಎಲ್ಲ ಕಾಲೇಜುಗಳಲ್ಲೂ ಕೇಳುವ ದಾಖಲೆಗಳು. ಕರ್ನಾಟಕದ ಮಂಡಳಿಯನ್ನು ಬಿಟ್ಟು ಬೇರೆ ಮಂಡಳಿಗಳಲ್ಲಿ ಓದಿದವರು ವಲಸೆ ಪ್ರಮಾಣಪತ್ರವನ್ನೂ ವಿಶ್ವವಿದ್ಯಾಲಯದ ಅರ್ಹತಾ ಪ್ರಮಾಣಪತ್ರವನ್ನೂ ಪಡೆಯಬೇಕಾಗಬಹುದು.

ಇವುಗಳಲ್ಲಿ ಎರಡು ವಿಷಯಗಳು ಮುಂದೆ ಹೆಚ್ಚಿನ ತೊಂದರೆ ತರುವಂಥವು. ಮೊದಲನೆಯದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ, ಬ್ಯಾಂಕ್ ಖಾತೆಯಲ್ಲಿ ಮತ್ತೊಂದು ಬಗೆ ಇರುವ ಹೆಸರು ಪ್ರವೇಶದ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ವಿದ್ಯಾರ್ಥಿವೇತನ ತಡೆಹಿಡಿಯಲ್ಪಟ್ಟಾಗ ಬೀಳುತ್ತದೆ. ತಂದೆಯ ಹೆಸರಿನ ಮೊದಲ ಅಕ್ಷರ ಹಿಂದೆ ಇದೆಯೋ ಮುಂದೆ ಇದೆಯೋ ಎಂಬಷ್ಟರ ವ್ಯತ್ಯಾಸವೂ ಸಾಕು. ಅರ್ಜಿಯಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆಯೇ ಹೆಸರನ್ನು ನಮೂದಿಸಿ, ಉಳಿದ ದಾಖಲೆಗಳನ್ನು ಅದಕ್ಕೆ ಸರಿಹೊಂದಿಸಿಕೊಳ್ಳುವುದು ಸೂಕ್ತ. ಸೈಬರ್ ಕೇಂದ್ರದಲ್ಲಿ ಬೇರೊಬ್ಬರು ಅರ್ಜಿ ತುಂಬಿದಲ್ಲಿ, ಸಲ್ಲಿಸುವ ಮುನ್ನ ವಿದ್ಯಾರ್ಥಿಯು ತಾನೇ ಒಮ್ಮೆ ಓದಿ ನೋಡತಕ್ಕದ್ದು. ಅರ್ಜಿಗೆ ನೀಡುವ ಮೊಬೈಲ್ ಸಂಖ್ಯೆಯೂ ತನ್ನದೇ ಅಥವಾ ಮನೆಯವರದೇ ಆಗಿರಬೇಕು. ಕೇಂದ್ರದವರ ಸಂಖ್ಯೆ ಕೊಟ್ಟವರು ಮುಂದೆ ಪರೀಕ್ಷಾ ಅರ್ಜಿಯ ವೇಳೆ ಗುಪ್ತಸಂಖ್ಯೆಗಾಗಿ ಅವರ ಅಂಗಡಿಗೇ ಹೋಗಬೇಕಾಗುತ್ತದೆ.

ಎರಡನೆಯದು ಆದಾಯ ಪ್ರಮಾಣಪತ್ರ. ಇದಕ್ಕೆ ಅವಧಿಯ ಮಿತಿಯಿದೆ. ಪ್ರೌಢಶಾಲೆಯಲ್ಲಿದ್ದಾಗ ಪಡೆದ ಪ್ರಮಾಣಪತ್ರದ ಅವಧಿ ಪದವಿಯ ವೇಳೆಗೆ ಮುಗಿದಿರಬಹುದು. ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನೂ ದಿನಾಂಕವನ್ನೂ ನೋಡಿಕೊಂಡು, ಅಗತ್ಯವಿದ್ದರೆ ನಾಡಕಚೇರಿಯಲ್ಲಿ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು. ಪ್ರವೇಶದ ವಾರದಲ್ಲಿ ನಾಡಕಚೇರಿಯ ಮುಂದೆ ಸಾಲು ಉದ್ದವಿರುತ್ತದೆ.

ಹಾಜರಾತಿ

ಮೊದಲ ವರ್ಷದಲ್ಲಿ ಅತ್ಯಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಹಾಜರಾತಿಯ ಬಗ್ಗೆ. ಪರೀಕ್ಷೆಗೆ ಕುಳಿತುಕೊಳ್ಳಲು ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 75ರಷ್ಟು ಹಾಜರಾತಿ ಇರಬೇಕೆಂಬುದು ರಾಜ್ಯದ ವಿಶ್ವವಿದ್ಯಾಲಯಗಳಲ್ಲಿರುವ ಸಾಮಾನ್ಯ ನಿಯಮ. ‘ಒಟ್ಟು ದಿನಗಳಲ್ಲಿ ಮುಕ್ಕಾಲು ಭಾಗ ಬಂದರಾಯಿತು’ ಎಂದು ಇದನ್ನು ಅರ್ಥಮಾಡಿಕೊಳ್ಳಬಾರದು. ಲೆಕ್ಕ ವಿಷಯವಾರು, ತರಗತಿವಾರು.

ಒಂದು ಉದಾಹರಣೆ ನೋಡಬಹುದು. ಒಂದು ವಿಷಯಕ್ಕೆ ವಾರಕ್ಕೆ ನಾಲ್ಕು ತರಗತಿಗಳಂತೆ ಹದಿನಾರು ವಾರಗಳಲ್ಲಿ 64 ತರಗತಿಗಳು ನಡೆದವೆನ್ನೋಣ. ಶೇ. 75 ಎಂದರೆ 48. ತಪ್ಪಿಸಿಕೊಳ್ಳಬಹುದಾದದ್ದು 16 ಮಾತ್ರ, ಅಂದರೆ ವಾರಕ್ಕೆ ಒಂದು. ಈಗ ಆ ವಿಷಯದ ತರಗತಿ ಬೆಳಗಿನ ಮೊದಲ ಅವಧಿಯಲ್ಲಿದ್ದು, ಹಳ್ಳಿಯಿಂದ ಬರುವ ಬಸ್ಸು ವಾರದಲ್ಲಿ ಎರಡು ದಿನ ತಡವಾದರೆ ವಿದ್ಯಾರ್ಥಿಯ ಹಾಜರಾತಿ 32ಕ್ಕೆ, ಅಂದರೆ ಶೇ. 50ಕ್ಕೆ ಇಳಿಯುತ್ತದೆ. ಆ ವಿದ್ಯಾರ್ಥಿ ಒಂದು ದಿನವೂ ಕಾಲೇಜು ತಪ್ಪಿಸಿರುವುದಿಲ್ಲ. ಪ್ರತಿದಿನ ಬಂದಿರುತ್ತಾನೆ, ಪರೀಕ್ಷೆಗೆ ಮಾತ್ರ ಅರ್ಹನಾಗಿರುವುದಿಲ್ಲ.

ಇಂಥ ಸಂದರ್ಭ ತಂದುಕೊಳ್ಳದಿರಲು ಮಾಡಬೇಕಾದದ್ದು ಕಷ್ಟದ್ದೇನಲ್ಲ. ವೇಳಾಪಟ್ಟಿ ಪ್ರಕಟವಾದ ವಾರದಲ್ಲಿಯೇ ಬಸ್ಸಿನ ಸಮಯದ ತೊಂದರೆಯನ್ನು ಬರವಣಿಗೆಯಲ್ಲಿ ಪ್ರಾಂಶುಪಾಲರ ಗಮನಕ್ಕೆ ತರಬೇಕು. ಒಂದೇ ಮಾರ್ಗದಿಂದ ಬರುವ ಹಲವರು ಸೇರಿ ಸಹಿ ಮಾಡಿದ ಮನವಿ ಇದ್ದರೆ, ಅದನ್ನು ಆಧಾರವಾಗಿಟ್ಟುಕೊಂಡು ಕಾಲೇಜಿನಿಂದ ಸಾರಿಗೆ ಸಂಸ್ಥೆಯ ಘಟಕ ವ್ಯವಸ್ಥಾಪಕರಿಗೆ ಪತ್ರ ಬರೆಯಲು ಅನುಕೂಲವಾಗುತ್ತದೆ. ಡಿಸೆಂಬರಿನಲ್ಲಿ ಹಾಜರಾತಿ ಕೊರತೆಯ ಪಟ್ಟಿ ಸೂಚನಾ ಫಲಕಕ್ಕೆ ಬಂದ ಮೇಲೆ ಬಸ್ಸಿನ ಕಾರಣ ಹೇಳಿದರೆ ಅಧ್ಯಾಪಕರಿಗೆ ಸಹಾನುಭೂತಿ ಇರಬಹುದೇ ಹೊರತು ಅಧಿಕಾರ ಇರುವುದಿಲ್ಲ.

ಅನಾರೋಗ್ಯ, ಎನ್‌ಸಿಸಿ ಶಿಬಿರ, ವಿಶ್ವವಿದ್ಯಾಲಯ ಮಟ್ಟದ ಕ್ರೀಡಾಕೂಟ ಮುಂತಾದ ಕಾರಣಗಳಿಗೆ ನಿಯಮಾವಳಿಯಂತೆ ಸ್ವಲ್ಪ ಮಟ್ಟಿನ ರಿಯಾಯಿತಿ ದೊರೆಯಬಹುದು. ಅದಕ್ಕೆ ಆಯಾ ಸಮಯದಲ್ಲೇ ದಾಖಲೆ ಸಲ್ಲಿಸಿರಬೇಕು. ಸುಗ್ಗಿಯ ಕೆಲಸಕ್ಕೆ, ಜಾತ್ರೆಗೆ, ಮನೆಯ ಮದುವೆಗೆ ಮಕ್ಕಳನ್ನು ವಾರಗಟ್ಟಲೆ ನಿಲ್ಲಿಸಿಕೊಳ್ಳುವ ಪೋಷಕರು ಮೇಲಿನ 16 ತರಗತಿಗಳ ಲೆಕ್ಕವನ್ನು ನೆನಪಿನಲ್ಲಿಡಬೇಕು. ಪತ್ರಿಕೆ ಹಂಚಿಕೆ, ಅಂಗಡಿ, ಹೋಟೆಲು, ಗ್ಯಾರೇಜುಗಳಲ್ಲಿ ದುಡಿಯುತ್ತ ಓದುವ ವಿದ್ಯಾರ್ಥಿಗಳು ಎಲ್ಲ ಕಾಲೇಜುಗಳಲ್ಲೂ ಇದ್ದಾರೆ. ದುಡಿಮೆಯನ್ನು ಮುಚ್ಚಿಡುವ ಅಗತ್ಯವಿಲ್ಲ. ತರಗತಿಯ ಮಾರ್ಗದರ್ಶಕ ಅಧ್ಯಾಪಕರಿಗೆ ಮೊದಲೇ ತಿಳಿಸಿದಲ್ಲಿ, ಕನಿಷ್ಠ ಪಕ್ಷ ಯಾವ ವಿಷಯದಲ್ಲಿ ಹಾಜರಾತಿ ಕುಸಿಯುತ್ತಿದೆ ಎಂಬ ಎಚ್ಚರಿಕೆಯಾದರೂ ಸಕಾಲಕ್ಕೆ ದೊರೆಯುತ್ತದೆ.

ಭಾಷೆ ಮತ್ತು ಬೋಧನಾ ಮಾಧ್ಯಮ

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ, ವಿಶೇಷವಾಗಿ ಬಿಕಾಂ, ಬಿಬಿಎ, ಬಿಸಿಎ ಸೇರುವವರಿಗೆ, ಮೊದಲ ತಿಂಗಳು ಕಠಿಣ. ‘ಸವಕಳಿ’ ಎಂದು ಕಲಿತದ್ದು ತರಗತಿಯಲ್ಲಿ ‘ಡಿಪ್ರಿಸಿಯೇಷನ್’ ಆಗಿರುತ್ತದೆ; ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ವು ‘ಇಲಾಸ್ಟಿಸಿಟಿ ಆಫ್ ಡಿಮಾಂಡ್’ ಆಗಿರುತ್ತದೆ. ವಿಷಯ ಹೊಸದಲ್ಲ, ಅದರ ಹೆಸರು ಹೊಸದು. ಆದರೆ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತ ವಿದ್ಯಾರ್ಥಿನಿಗೆ ಈ ಎರಡರ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ತನಗೆ ವಿಷಯವೇ ಅರ್ಥವಾಗುತ್ತಿಲ್ಲವೆಂದು ಆಕೆ ತೀರ್ಮಾನಿಸುತ್ತಾಳೆ. ಕಾಲೇಜು ಬಿಡುವ ಯೋಚನೆಗಳಲ್ಲಿ ಹಲವು ಹೀಗೆಯೇ ಆರಂಭವಾಗುತ್ತವೆ.

ಪ್ರತಿ ವಿಷಯಕ್ಕೆ ಒಂದು ಸಣ್ಣ ಪುಸ್ತಕವಿಟ್ಟು, ತರಗತಿಯಲ್ಲಿ ಕೇಳಿದ ಇಂಗ್ಲಿಷ್ ಪದದ ಎದುರು ಪಿಯುಸಿಯಲ್ಲಿ ಕಲಿತ ಕನ್ನಡ ಪದವನ್ನು ಬರೆದುಕೊಳ್ಳುವುದು ಬಹಳ ಉಪಯುಕ್ತ. ಒಂದು ಸೆಮಿಸ್ಟರ್‌ನ ಒಂದು ವಿಷಯದಲ್ಲಿ ಮತ್ತೆ ಮತ್ತೆ ಬರುವ ಪಾರಿಭಾಷಿಕ ಪದಗಳು ಅಂದುಕೊಂಡಷ್ಟು ಹೆಚ್ಚಿಲ್ಲ. ಶ್ರದ್ಧೆಯಿಂದ ಬರೆದುಕೊಂಡವರಿಗೆ ಎರಡು ತಿಂಗಳಲ್ಲಿ ಪಾಠ ಹಿಡಿತಕ್ಕೆ ಸಿಗುತ್ತದೆ. ತರಗತಿಯಲ್ಲಿ ಕೈಯೆತ್ತಲು ಸಂಕೋಚವಿದ್ದರೆ ವಿಭಾಗದ ಕೊಠಡಿಯಲ್ಲಿ ಅಧ್ಯಾಪಕರನ್ನು ಕನ್ನಡದಲ್ಲಿಯೇ ಕೇಳಬಹುದು. ಇದರಲ್ಲಿ ಕೀಳರಿಮೆಗೆ ಕಾರಣವಿಲ್ಲ.

ಕಲೆ ಮತ್ತು ವಾಣಿಜ್ಯ ವಿಷಯಗಳ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಅವಕಾಶವಿದೆ. ಕೋರ್ಸಿನ ಮಾಧ್ಯಮ ಇಂಗ್ಲಿಷ್ ಆಗಿದ್ದರೂ ಸ್ಥಳೀಯ ಭಾಷೆಯಲ್ಲಿ ಉತ್ತರಿಸಲು ಬಿಡಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳನ್ನು ಕೋರಿದೆ. ಆಯ್ಕೆ ಮಾಡಿದ ಮಾಧ್ಯಮ ಪರೀಕ್ಷಾ ಅರ್ಜಿಯಲ್ಲಿ ಸರಿಯಾಗಿ ನಮೂದಾಗಿದೆಯೇ ಎಂಬುದನ್ನು ಪರಿಶೀಲಿಸಿಕೊಳ್ಳಬೇಕು.

ಆಂತರಿಕ ಅಂಕ ಮತ್ತು ಸೆಮಿಸ್ಟರ್ ಪರೀಕ್ಷೆ

ಪ್ರತಿ ವಿಷಯದ ಅಂಕಗಳಲ್ಲಿ ಒಂದು ಭಾಗ ಕಾಲೇಜಿನಲ್ಲಿಯೇ ನೀಡುವ ಆಂತರಿಕ ಅಂಕ. ಕಿರುಪರೀಕ್ಷೆ, ನಿಯೋಜಿತ ಬರಹ, ವಿಚಾರಗೋಷ್ಠಿಗಳಿಂದ ಬರುವಂಥದು. ಮೊದಲ ವರ್ಷದವರು ಇದನ್ನು ‘ಹೇಗೂ ಕೊಡುತ್ತಾರೆ’ ಎಂದು ಅಲಕ್ಷಿಸುವುದುಂಟು. 80 ಅಂಕ ಪರೀಕ್ಷೆಗೆ, 20 ಅಂಕ ಆಂತರಿಕಕ್ಕೆ ಇದ್ದು, ಪರೀಕ್ಷೆಯಲ್ಲಿ ಕನಿಷ್ಠ 28 ಹಾಗೂ ಒಟ್ಟು 40 ಅಂಕ ಬೇಕೆಂಬ ನಿಯಮವಿರುವ ಕಡೆ ಲೆಕ್ಕ ಹೀಗಾಗುತ್ತದೆ: ಆಂತರಿಕದಲ್ಲಿ 16 ಪಡೆದವರಿಗೆ ಪರೀಕ್ಷೆಯ 28 ಅಂಕ ಸಾಕು, 4 ಪಡೆದವರಿಗೆ 36 ಬೇಕು. ನಿಯೋಜಿತ ಬರಹವನ್ನು ಸಕಾಲಕ್ಕೆ ಒಪ್ಪಿಸದ ಅಲಕ್ಷ್ಯಕ್ಕೆ ಪರೀಕ್ಷೆಯಲ್ಲಿ ಎಂಟು ಅಂಕ ತೆರಬೇಕಾಗುತ್ತದೆ. ಆಂತರಿಕ ಅಂಕಗಳನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸುವ ಮುನ್ನ ಸೂಚನಾ ಫಲಕದಲ್ಲಿ ಪ್ರಕಟಿಸಿದಾಗ ನೋಡಿ, ತಪ್ಪಿದ್ದರೆ ಅಂದೇ ತಿಳಿಸಬೇಕು.

ಪರೀಕ್ಷಾ ಅರ್ಜಿ ಮತ್ತು ಶುಲ್ಕಕ್ಕೆ ಕೊನೆಯ ದಿನಾಂಕವಿದೆ. ಆ ದಿನ ಕಳೆದರೆ ದಂಡಶುಲ್ಕ, ಅದೂ ಕಳೆದರೆ ಆ ಸೆಮಿಸ್ಟರ್‌ನ ಪರೀಕ್ಷೆಯೇ ಕೈತಪ್ಪುತ್ತದೆ. ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವ ಸುದ್ದಿ ಅಧಿಕೃತವಲ್ಲ. ಕಾಲೇಜಿನ ಸೂಚನಾ ಫಲಕವನ್ನು ವಾರಕ್ಕೆ ಎರಡು ಬಾರಿಯಾದರೂ ನೋಡುವ ಹಳೆಯ ಅಭ್ಯಾಸ ಇಂದಿಗೂ ಅಗತ್ಯ.

ಒಂದೆರಡು ವಿಷಯಗಳಲ್ಲಿ ಅನುತ್ತೀರ್ಣರಾದರೆ ವರ್ಷ ವ್ಯರ್ಥವಾಯಿತೆಂದು ತಿಳಿಯಬಾರದು. ಸಾಮಾನ್ಯವಾಗಿ ಮೊದಲ ಸೆಮಿಸ್ಟರ್‌ನಿಂದ ಎರಡನೆಯದಕ್ಕೆ ಹೋಗಲು ಅಡ್ಡಿಯಿರುವುದಿಲ್ಲ. ಬಾಕಿ ವಿಷಯಗಳನ್ನು ಮುಂದಿನ ಪರೀಕ್ಷೆಯಲ್ಲಿ ಬರೆದು ಮುಗಿಸಬಹುದು. ಫಲಿತಾಂಶದ ಬಗ್ಗೆ ಸಂದೇಹವಿದ್ದಲ್ಲಿ ಮರು ಎಣಿಕೆ, ಉತ್ತರಪತ್ರಿಕೆಯ ಛಾಯಾಪ್ರತಿ ಮತ್ತು ಮರುಮೌಲ್ಯಮಾಪನಕ್ಕೆ ನಿಗದಿತ ದಿನಗಳೊಳಗೆ ಅರ್ಜಿ ಸಲ್ಲಿಸಬಹುದು. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಮಾಹಿತಿ ಹಕ್ಕು ಕಾಯ್ದೆಯಡಿ ಇದೆಯೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪು ನೀಡಿದೆ.

ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ, ಪ್ರಯಾಣ

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶವಾದ ಎಸ್‌ಎಸ್‌ಪಿಯಲ್ಲಿ ಅರ್ಜಿ ಸಲ್ಲಿಸಬೇಕು. ದಾಖಲೆಗಳ ಇ-ದೃಢೀಕರಣವನ್ನು ಮೊದಲು ಮಾಡಿಸಬೇಕು. ಇದಕ್ಕೆ ನಿಯೋಜಿತರಾದ ಅಧಿಕಾರಿಯ ವಿವರ ಕಾಲೇಜಿನ ಕಚೇರಿಯಲ್ಲಿ ದೊರೆಯುತ್ತದೆ. ಹಣವು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಖಾತೆ ಇದೆ ಎಂದ ಮಾತ್ರಕ್ಕೆ ಜೋಡಣೆಯಾಗಿದೆ ಎಂದಲ್ಲ; ಬ್ಯಾಂಕಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಒಮ್ಮೆ ಮಂಜೂರಾದ ಮೇಲೆ ಮರುವರ್ಷವೂ ತಾನಾಗಿಯೇ ಬರುತ್ತದೆಂದು ಭಾವಿಸಬಾರದು. ವಿದ್ಯಾರ್ಥಿವೇತನ ಬರುವುದು ವರ್ಷದ ಆರಂಭದಲ್ಲಲ್ಲ. ಪುಸ್ತಕ, ಪರೀಕ್ಷಾ ಶುಲ್ಕಗಳ ಮೊದಲ ಖರ್ಚನ್ನು ಅದರ ಮೇಲೆ ಭಾರ ಹಾಕದೆ ಯೋಜಿಸಿಕೊಳ್ಳುವುದು ವಿವೇಕ.

ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೆ ಪ್ರತ್ಯೇಕ ಆನ್‌ಲೈನ್ ಅರ್ಜಿ ಇದೆ. ಕಾಲೇಜಿಗೆ ಸೇರಿದ ಕೂಡಲೇ ಹಾಸ್ಟೆಲ್ ದೊರೆಯುವುದಿಲ್ಲ. ಆಯ್ಕೆಪಟ್ಟಿ ಬರುವವರೆಗೆ ವಾಸಕ್ಕೆ ಬೇರೆ ವ್ಯವಸ್ಥೆ ಬೇಕಾಗಬಹುದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಅರ್ಹ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿ ವೆಚ್ಚಕ್ಕಾಗಿ ‘ವಿದ್ಯಾಸಿರಿ’ ಯೋಜನೆ ಇದೆ.

ರಾಜ್ಯದ ನಿವಾಸಿಗಳಾದ ವಿದ್ಯಾರ್ಥಿನಿಯರು 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ವಿದ್ಯಾರ್ಥಿಗಳು ರಿಯಾಯಿತಿ ಪಾಸಿಗೆ ಸೇವಾಸಿಂಧು ಮೂಲಕ ಅರ್ಜಿ ಸಲ್ಲಿಸಬೇಕು.

ರ‍್ಯಾಗಿಂಗ್ ಮತ್ತು ಕಿರುಕುಳ

ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಹಾಡಿಸುವುದು, ಕುಣಿಸುವುದು, ಹಣ ಕೀಳುವುದು, ಜಾತಿ, ಊರು, ಮಾತಿನ ಧಾಟಿಯನ್ನು ಹಿಡಿದು ಹೀಯಾಳಿಸುವುದು ತಮಾಷೆಯಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ ಪ್ರಕಾರ ರ‍್ಯಾಗಿಂಗ್ ಶಿಕ್ಷಾರ್ಹ ಅಪರಾಧ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ವಿನಿಯಮಗಳಂತೆ ವಿದ್ಯಾರ್ಥಿಯೂ ಪೋಷಕರೂ ರ‍್ಯಾಗಿಂಗ್ ವಿರುದ್ಧ ಮುಚ್ಚಳಿಕೆ ನೀಡಬೇಕು. ಓದದೆ ಸಹಿ ಮಾಡುವ ಕಾಗದಗಳಲ್ಲಿ ಇದೂ ಒಂದಾಗಿಬಿಟ್ಟಿದೆ. ಓದಿ ಸಹಿ ಮಾಡತಕ್ಕದ್ದು. ದೂರನ್ನು ಪ್ರಾಂಶುಪಾಲರಿಗೆ ಅಥವಾ ಕಾಲೇಜಿನ ರ‍್ಯಾಗಿಂಗ್ ತಡೆ ಸಮಿತಿಗೆ ನೀಡಬಹುದು. ಹೇಳಿಕೊಳ್ಳಲು ಅಂಜಿಕೆಯಿದ್ದಲ್ಲಿ ರಾಷ್ಟ್ರೀಯ ಸಹಾಯವಾಣಿ 1800-180-5522ಕ್ಕೆ ಕರೆ ಮಾಡಬಹುದು. ವಿದ್ಯಾರ್ಥಿನಿಯರಿಗೆ ಲೈಂಗಿಕ ಕಿರುಕುಳ ಎದುರಾದಲ್ಲಿ ಆಂತರಿಕ ದೂರು ಸಮಿತಿಗೆ ದೂರು ನೀಡಬೇಕು. ದೂರಿದವರ ಹೆಸರನ್ನು ಬಹಿರಂಗಪಡಿಸುವಂತಿಲ್ಲ.

ಮನೆ ಬಿಟ್ಟು ಮೊದಲ ಬಾರಿಗೆ ಊರಾಚೆ ಇರುವವರಿಗೆ ಕೆಲವು ವಾರ ನಿದ್ದೆ ಬಾರದಿರುವುದು, ಊಟ ಸೇರದಿರುವುದು ಅಪರೂಪವಲ್ಲ. ಅದು ತಿಂಗಳುಗಟ್ಟಲೆ ಉಳಿದರೆ ಅಥವಾ ಬದುಕು ಬೇಡವೆನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಲಭ್ಯವಿದೆ. ಕನ್ನಡದಲ್ಲಿಯೇ ಮಾತನಾಡಬಹುದು. ಮಗ ಅಥವಾ ಮಗಳು ಫೋನಿನಲ್ಲಿ ಮಾತು ಕಡಿಮೆ ಮಾಡಿದ್ದನ್ನು ‘ದೊಡ್ಡವರಾದರು’ ಎಂದಷ್ಟೇ ಪೋಷಕರು ತಿಳಿಯಬಾರದು.

ಪಠ್ಯೇತರ ಚಟುವಟಿಕೆಗಳು

ರಾಷ್ಟ್ರೀಯ ಸೇವಾ ಯೋಜನೆ, ಎನ್‌ಸಿಸಿ, ಯುವ ರೆಡ್‌ಕ್ರಾಸ್, ರೋವರ್ಸ್ ಮತ್ತು ರೇಂಜರ್ಸ್ ಘಟಕಗಳಿಗೆ ನೋಂದಣಿ ಮೊದಲ ವರ್ಷದಲ್ಲಿಯೇ ಆಗಬೇಕು. ಸೇವಾ ಯೋಜನೆಯ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನೂ ಏಳು ದಿನಗಳ ವಿಶೇಷ ಶಿಬಿರವನ್ನೂ ಪೂರೈಸಬೇಕಾಗಿರುವುದರಿಂದ ಕೊನೆಯ ವರ್ಷದಲ್ಲಿ ಸೇರಿದವರಿಗೆ ಪ್ರಮಾಣಪತ್ರ ದೊರೆಯದು. ಹದಿನೆಂಟು ತುಂಬುವ ವರ್ಷವೂ ಇದೇ ಆದ್ದರಿಂದ ಮತದಾರರ ಪಟ್ಟಿಗೆ ನಮೂನೆ 6ರಲ್ಲಿ ಅರ್ಜಿ ಸಲ್ಲಿಸಬಹುದು.

ಕಾಲೇಜು ಬಿಡುವ ಯೋಚನೆ ಬಂದಾಗ

ಮೊದಲ ಸೆಮಿಸ್ಟರ್‌ನ ಫಲಿತಾಂಶ ಬಂದ ನಂತರ ಕೆಲವರು ಯಾರಿಗೂ ಹೇಳದೆ ಬರುವುದನ್ನು ನಿಲ್ಲಿಸುತ್ತಾರೆ. ಮನೆಯ ಕಷ್ಟ, ಮದುವೆಯ ಪ್ರಸ್ತಾಪ, ಬೆಂಗಳೂರಿನಲ್ಲಿ ಸಿಕ್ಕ ಕೆಲಸ, ವಿಷಯದ ಆಯ್ಕೆ ಸರಿಯಾಗಲಿಲ್ಲವೆಂಬ ಬೇಸರ, ಕಾರಣ ಏನೇ ಇರಲಿ, ಹಾಗೆ ಹೋಗುವ ಮುನ್ನ ಒಮ್ಮೆ ಪ್ರಾಂಶುಪಾಲರನ್ನು ಕಾಣಬೇಕು. ವಿಷಯ ಸಂಯೋಜನೆಯ ಬದಲಾವಣೆಗೆ ಪ್ರವೇಶದ ಆರಂಭದ ದಿನಗಳಲ್ಲಿ, ಕಾಲೇಜು ಬದಲಾವಣೆಗೆ ವಿಶ್ವವಿದ್ಯಾಲಯದ ನಿಯಮದಂತೆ ಅವಕಾಶ ಇರಬಹುದು. ವಿವಾಹವಾದರೂ ವಿದ್ಯಾರ್ಥಿನಿ ಓದು ಮುಂದುವರಿಸಲು ಯಾವ ಅಡ್ಡಿಯೂ ಇಲ್ಲ. ಹದಿನೆಂಟಕ್ಕೆ ಮುಂಚಿನ ಮದುವೆಯಂತೂ ಕಾನೂನಿನಂತೆ ನಿಷಿದ್ಧ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬಹುದು. ಕೆಲಸಕ್ಕೆ ಹೋಗಲೇಬೇಕಾದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಪದವಿ ಪಡೆಯುವ ಮಾರ್ಗವಿದೆ.

ಬಿಡುವುದು ಅನಿವಾರ್ಯವಾದಲ್ಲಿ, ಬರೆದ ಪರೀಕ್ಷೆಗಳ ಅಂಕಪಟ್ಟಿಗಳನ್ನು ಪಡೆದುಕೊಂಡು, ಗ್ರಂಥಾಲಯದ ಪುಸ್ತಕಗಳನ್ನು ಹಿಂದಿರುಗಿಸಿ, ವರ್ಗಾವಣೆ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬೇಕು. ಪ್ರವೇಶದ ವೇಳೆ ನೀಡಿದ ಮೂಲ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಪರಿಶೀಲನೆಯ ನಂತರ ಸಂಸ್ಥೆಗಳು ಇಟ್ಟುಕೊಳ್ಳುವಂತಿಲ್ಲವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಆದೇಶಿಸಿದೆ. ಮೂಲ ದಾಖಲೆ ಕಾಲೇಜಿನಲ್ಲಿದೆ, ಇನ್ನು ಬೇರೆಲ್ಲೂ ಸೇರಲಾಗದು ಎಂದು ಭಾವಿಸಿ ಯಾರೂ ಮನೆಯಲ್ಲಿ ಉಳಿಯಬೇಕಾಗಿಲ್ಲ. ಕಾಲೇಜಿನ ಹಂತದಲ್ಲಿ ಪರಿಹಾರ ದೊರೆಯದಿದ್ದಲ್ಲಿ ಸಂಬಂಧಿಸಿದ ಪ್ರಾದೇಶಿಕ ಜಂಟಿ ನಿರ್ದೇಶಕರ ಕಚೇರಿಗೆ ಲಿಖಿತವಾಗಿ ಮನವಿ ಸಲ್ಲಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳತಕ್ಕದ್ದು.